ಒಂದೇ ಸಲ ಬಂದು ಹೋದವರ ಪರವಾಗಿ

ಉಟಗಿಯ ಹಿರಿಯರೆ, ತಿಕೋಂಡಿ, ಗುಡ್ಡಾಪುರಗಳಿಂದ ಬಂದ ಅಣ್ಣತಮ್ಮಂದಿರೆ, ತಾಯಂದಿರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಸಂಸ್ಥೆಯ ಸಾಹೇಬರೆ — ಮತ್ತು ಇವರೆಲ್ಲರಿಗಿಂತ ಮೊದಲು ನಾನು ಹೆಸರು ಹೇಳಬೇಕಾಗಿದ್ದ ಮಲೀಕಾ ಅಕ್ಕನ ಯಜಮಾನರಾದ ರಮಜಾನ ಭಾವನವರೆ, ಅವರ ಮಗಳೆ ಯಾಸ್ಮಿನ — ನಿಮಗೆಲ್ಲ ದಾಕ್ಷಾಯಣಿಯ ನಮಸ್ಕಾರ.

ಬಾಗಿಲ ಹತ್ತಿರ ನಿಂತವರು ಒಳಗೆ ಬರ್ರಿ. ಜಮಖಾನೆಯ ಮೇಲೆ ಇನ್ನೂ ಜಾಗ ಇದೆ, ಕುಂದ್ರಿ. ಮಲೀಕಾ ಅಕ್ಕನ ಹೆಸರಿನ ಸಭೆಯಲ್ಲಿ ಯಾರೂ ಬಾಗಿಲಲ್ಲೇ ನಿಂತು ವಾಪಸು ಹೋಗಬಾರದು.

ಅಲ್ಲಿ ಯಾರೋ ಪಿಸುಗುಟ್ಟಿದಿರಿ, ಫೋಟೋಕ್ಕೆ ಹಾರ ಯಾಕಿಲ್ಲ ಅಂತ. ಕೇಳಿಸಿತು ನನಗೆ. ಹಾರ ಬೇಡವೆಂದು ಮನೆಯವರು ಹೇಳಿದ್ದಾರೆ, ಅದು ಅವರ ಪದ್ಧತಿ. ಫೋಟೋ ಇಟ್ಟದ್ದೂ ನಮ್ಮ ಹಟಕ್ಕೆ. ಆ ಫೋಟೋದಲ್ಲೂ ನೋಡಿ — ಅಕ್ಕ ಕ್ಯಾಮೆರಾದ ಕಡೆ ನೋಡುತ್ತಿಲ್ಲ. ಪಕ್ಕದಲ್ಲಿ ಕೂತು ವಟಗುಟ್ಟುತ್ತಿರುವ ಯಾರನ್ನೋ ನೋಡುತ್ತಿದ್ದಾರೆ. ಆ ಪಕ್ಕದವಳು ನಾನೇ. ಇವತ್ತಿಗೆಂದು ನನ್ನನ್ನು ಕತ್ತರಿಸಿ ತೆಗೆದಿದ್ದಾರೆ. ಆದರೆ ಮಾತು ನಿಲ್ಲಿಸಲು ಆಗಿಲ್ಲ, ನೋಡುತ್ತಿದ್ದೀರಲ್ಲ.

ದೂರದಿಂದ ಬಂದವರಿಗಾಗಿ ಹೇಳುತ್ತೇನೆ. ಮಲೀಕಾ ಅಕ್ಕ ನಮ್ಮ ಸಂಸ್ಥೆಯ ಸಮಾಲೋಚಕಿ. ಮನಸ್ಸು ಭಾರವಾದವರು, ನಿದ್ದೆ ಹೋದವರು, ಭಯ ಹತ್ತಿದವರು ಬಂದು ಮಾತಾಡಲೆಂದು ಸಂಸ್ಥೆ ಇಲ್ಲಿ, ಎಸ್.ಟಿ. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕೋಣೆ ಬಾಡಿಗೆಗೆ ಹಿಡಿದಿದೆ. ಪ್ರತಿ ಸಂತೆಯ ದಿನ ಅಕ್ಕ ಅಲ್ಲಿ ಕೂರುತ್ತಿದ್ದರು. ಅವರ ಜೊತೆ ಸಹಾಯಕ್ಕೆ ನಾನು ಕೂರುತ್ತಿದ್ದೆ. ಹೋದ ವಾರ ಮನೆಯಲ್ಲಿ ಎದೆನೋವು ಅಂದರು. ಜತ್ತದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿದುಹೋಯಿತು. ನನಗೆ ಇನ್ನೂ ನಂಬಿಕೆ ಬಂದಿಲ್ಲ.

ನಾನು ಇವತ್ತು ಅಳಬೇಕು ಅಂತಲೇ ಬಂದಿದ್ದೆ. ಆದರೆ ನನಗಿಂತ ಮೊದಲು ನಮ್ಮ ಸಂಸ್ಥೆಯ ಅನಿಲ ಸಾಹೇಬರು ಮಾತಾಡಿದರು. ಈಗ ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಅಳುವುದನ್ನು ಮನೆಗೆ ಹೋಗಿ ಮಾಡುತ್ತೇನೆ.

ಸಾಹೇಬರು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಅದನ್ನೇ ನಾನು ಕನ್ನಡದಲ್ಲಿ ಸ್ವಲ್ಪ ಜೋರಾಗಿ ಹೇಳುತ್ತೇನೆ. ಮೊದಲು ಅಕ್ಕನನ್ನು ಹೊಗಳಿದರು. ಆಮೇಲೆ, ಬರುವ ತಿಂಗಳಿಂದ ಉಟಗಿಯ ಕೋಣೆ ಮುಚ್ಚುತ್ತೇವೆ ಅಂದರು. ಮಾತಾಡಬೇಕಾದವರು ಜತ್ತದ ಆಫೀಸಿಗೆ ಬರಬೇಕು. ವಾರ ವಾರ ಬರಬೇಕು, ಹನ್ನೆರಡು ವಾರ ಬರಬೇಕು. ಯಾಕೆ? ಯಾಕಂದರೆ ಉಟಗಿಗೆ ಬಂದವರಲ್ಲಿ ಹೆಚ್ಚಿನವರು ಒಂದೇ ಸಲ ಬಂದರು, ಮತ್ತೆ ತಿರುಗಿ ನೋಡಲಿಲ್ಲ. ಅಂದರೆ — ಸಾಹೇಬರ ಮಾತು ಇದು — "ಚಿಕಿತ್ಸೆ ಅರ್ಧಕ್ಕೇ ನಿಂತಿದೆ."

ಅರ್ಧಕ್ಕೇ ನಿಂತಿದೆಯಂತೆ!

ಸಾಹೇಬರೆ, ಕ್ಷಮಿಸಿ ಅನ್ನುವುದಿಲ್ಲ ನಾನು. ಸತ್ತವರ ಎದುರಿಗೆ ಸತ್ತವರ ಕೆಲಸವನ್ನು ಅರ್ಧ ಅಂದಿದ್ದೀರಿ. ಪೂರ್ತಿ ಯಾವುದು, ಅರ್ಧ ಯಾವುದು ಅನ್ನುವುದನ್ನು ಈ ಸಭೆಯಲ್ಲೇ ಮಾತಾಡಿ ಮುಗಿಸೋಣ.

ಅಕ್ಕ ಸೊಲ್ಲಾಪುರದಲ್ಲಿ ಮನಃಶಾಸ್ತ್ರ ಓದಿದವರು. ಮದುವೆಯಾಗಿ ಬಂದದ್ದು ಬಳೆ ಅಂಗಡಿಯ ಮನೆಗೆ. ರಮಜಾನ ಭಾವನವರ ತಾಯಿ ಸಂತೆಯಲ್ಲಿ ಬಳೆ ಹರವಿಕೊಂಡು ಕೂರುತ್ತಿದ್ದದ್ದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ಸೊಸೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಹೆಂಗಸೊಬ್ಬಳು ಬಂದು ಕೈ ಚಾಚುತ್ತಾಳೆ. ಕೈ ಬಿಗಿಯಾಗಿರುತ್ತದೆ. ಬಿಗಿ ಕೈಗೆ ಬಳೆ ಏರಿಸಿದರೆ ಒಡೆಯುತ್ತದೆ, ರಕ್ತವೂ ಬರುತ್ತದೆ. ಅತ್ತೆ ಆ ಕೈಯನ್ನು ಹೀಗೆ — ಹೀಗೆ ಒತ್ತುತ್ತ — ಏನೋ ಒಂದು ಕೇಳುತ್ತಿದ್ದರು. "ತವರಿಗಿ ಹೋಗಿದ್ದೇನ? ಕೂಸ ಹ್ಯಾಂಗೈತಿ?" ಆ ಹೆಂಗಸು ಮಾತಾಡುತ್ತ ಮಾತಾಡುತ್ತ ಕೈ ಸಡಿಲ ಬಿಡುತ್ತಿದ್ದಳು. ಮನೆಯಲ್ಲಿ ಯಾರಿಗೂ ಹೇಳದ್ದನ್ನು ಅಲ್ಲಿ ಹೇಳುತ್ತಿದ್ದಳು. ಕೈತುಂಬ ಬಳೆ ಆಗುವುದರೊಳಗೆ ಮಾತೂ ಮುಗಿದಿರುತ್ತಿತ್ತು. ಎದ್ದು ಹೋಗುತ್ತಿದ್ದಳು.

ಹಿಂದೊಮ್ಮೆ ಜತ್ತದ ಮೀಟಿಂಗಿನಲ್ಲಿ ಇದೇ ಹನ್ನೆರಡು ವಾರದ ಮಾತು ಬಂತು. ಅಕ್ಕ ಎದ್ದು ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. "ಸಾಹೇಬರ, ಮುಂದಿನ ಸಂತಿಗೆ ಅಕಿ ಬರ್ತಾಳೋ ಇಲ್ಲೋ ನಮಗ ಗೊತ್ತಿಲ್ಲ. ಹಂಗಂತ ಅರ್ಧ ಕೈಗಿ ಬಳಿ ಇಟ್ಟು, ಉಳದದ್ದು ಮುಂದಿನ ವಾರ ಬಾ ಅಂತ ಕಳಸ್ತೀವೇನ್ರಿ?"

ಚಹಾ ಬಂತು, ಎಲ್ಲರೂ ಚಹಾ ಕುಡಿದರು.

ಈ ಪದ್ಧತಿ ಅಕ್ಕ ಕಂಡುಹಿಡಿದದ್ದಲ್ಲ, ಅದನ್ನು ಅವರೇ ಹೇಳುತ್ತಿದ್ದರು. ಬೇರೆ ದೇಶಗಳಲ್ಲೂ ಹೀಗೆ ಕೂರುವವರಿದ್ದಾರೆ. ಮೊದಲನೆಯ ಭೇಟಿಯೇ ಕೊನೆಯದೂ ಆಗಿರಬಹುದು ಅಂದುಕೊಂಡು, ಆ ಒಂದು ಭೇಟಿಯನ್ನೇ ಪೂರ್ತಿ ಮಾಡಿ ಕಳಿಸುವುದು. ಇಷ್ಟೇ ಅದರ ತಿರುಳು. ಅವಸರ ಮಾಡುವುದಲ್ಲ, ತುರುಕುವುದಲ್ಲ. ಬಂದವರ ಇಡೀ ಜಾತಕ ಬಿಚ್ಚುವ ಬದಲು, ಇವತ್ತು ಇವರಿಗೆ ಏನು ಬೇಕು ಅಂತ ಕೇಳುವುದು. ನಮ್ಮ ಬುದ್ಧಿ ಅವರ ತಲೆಗೆ ಹಾಕುವ ಬದಲು, ಅವರ ಕೈಯಲ್ಲಿ ಈಗಾಗಲೇ ಏನಿದೆ ಅಂತ ಹುಡುಕುವುದು. ಬೇಕಾದರೆ ಮತ್ತೆ ಬರಬಹುದು, ಬಾಗಿಲು ತೆರೆದೇ ಇರುತ್ತದೆ. ಬರಲೇಬೇಕು ಅನ್ನುವ ಹಗ್ಗ ಮಾತ್ರ ಇಲ್ಲ.

ಕೋಣೆಯೊಳಗೆ ಕುರ್ಚಿ ಹೇಗಿಟ್ಟಿದ್ದರು ಗೊತ್ತಿದೆಯೆ? ಬಂದವರಿಗೆ ಕಿಟಕಿಯಿಂದ ಬಸ್ ಸ್ಟ್ಯಾಂಡು ಕಾಣಬೇಕು, ಹಾಗೆ. ನಾನು ಕೇಳಿದೆ, ಗದ್ದಲ ಕಾಣಿಸಿದರೆ ಮನಸ್ಸು ಅಲ್ಲಿಗೇ ಹೋಗುತ್ತದಲ್ಲ ಅಂತ. ಅಕ್ಕ ನಕ್ಕರು. "ಬಸ್ ಕಾಣಲಿಲ್ಲಂದ್ರ ಮನಸ ಪೂರಾ ಬಸ್ಸಿನ್ಯಾಗ ಇರತೈತಿ. ಕಂಡ್ರ ನಿಶ್ಚಿಂತಿ ಕುಂದರ್ತಾರ."

ಕೂತ ಮೇಲೆ ಒಂದು ಪ್ರಶ್ನೆ. ಯಾರು ಬಂದರೂ ಅದೇ. "ಇವತ್ತ ಇಲ್ಲಿಂದ ಏಳೂ ಹೊತ್ತಿಗಿ ಏನಾದ್ರ, ಬಂದದ್ದು ಚಲೋ ಆತು ಅನಸ್ತೈತಿ ನಿಮಗ?"

ಆಮೇಲೆ ಸುಮ್ಮನಿರುವುದು.

ಈ ಸುಮ್ಮನಿರುವುದು ಇದೆಯಲ್ಲ — ನನ್ನ ಕೈಲಿ ಆಗುತ್ತಿರಲಿಲ್ಲ. ಎದುರಿನವರು ತಲೆ ತಗ್ಗಿಸಿ ಕೂತರೆ ನನಗೆ ಜೀವ ಹೋದಂತಾಗುವುದು. ನೀರು ಕುಡೀರಿ, ಚಿಂತಿ ಮಾಡಬ್ಯಾಡ್ರಿ, ಎಲ್ಲ ಸರಿ ಹೋಗತೈತಿ — ಇಂಥದ್ದೇನಾದರೂ ಬಾಯಿಗೆ ಬರುವುದು. ಬಾಯಿ ತೆರೆಯುವಷ್ಟರಲ್ಲಿ ಟೇಬಲ್ಲಿನ ಕೆಳಗೆ ಅಕ್ಕ ನನ್ನ ಕಾಲು ತುಳಿಯುತ್ತಿದ್ದರು. ಮೆಲ್ಲಗಲ್ಲ, ನೋಯುವ ಹಾಗೆ! ಮುಖದಲ್ಲಿ ಮಾತ್ರ ಏನೂ ಇಲ್ಲ, ಎದುರಿನವರನ್ನೇ ನೋಡುತ್ತಿರುವುದು. ಸಂತೆಯ ದಿನ ನಾನು ಬೂಟು ಹಾಕಿಕೊಂಡು ಹೋಗತೊಡಗಿದ್ದು ಯಾಕೆ ಅಂತ ಈಗ ನಿಮಗೆ ತಿಳಿಯಿತು.

ಈಗ ಇಬ್ಬರ ಕಥೆ ಹೇಳುತ್ತೇನೆ. ಇಬ್ಬರೂ ಈ ಸಭೆಯಲ್ಲೇ ಇದ್ದಾರೆ. ನಮ್ಮ ಹೆಸರು ಹಿಡಿದೇ ಹೇಳ್ರಿ ಅಂತ ಅವರಾಗಿ ಬಂದು ಹೇಳಿದ್ದಕ್ಕೆ ಹೇಳುತ್ತಿದ್ದೇನೆ. ಉಳಿದವರು ಹೆದರಬೇಡಿ. ನಿಮ್ಮ ಮಾತು ಅಕ್ಕನ ಜೊತೆ ಮಣ್ಣಿಗೆ ಹೋಗಿದೆ. ನನಗೆ ಗೊತ್ತಿರುವುದು ನನ್ನ ಜೊತೆಗೇ ಹೋಗುತ್ತದೆ.

ಗೊಲ್ಲಾಳಪ್ಪನವರೆ, ಏಳಬೇಡಿ, ಕೂತಲ್ಲೇ ಕೈ ಎತ್ತಿದರೆ ಸಾಕು. ನೋಡಿದಿರಾ, ಕೆಂಪು ರುಮಾಲಿನವರು. ಕುರಿ ಸಾಕುವವರು. ಇವರು ಕೂತಿದ್ದ ಜೀಪು ತಿಕೋಂಡಿಯ ದಾರಿಯಲ್ಲಿ ಪಲ್ಟಿಯಾಗಿತ್ತು. ದೇವರ ದಯೆ, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಭುಜ ಸರಿಹೋಯಿತು. ಆದರೆ ಜೀಪಿನ ಸಪ್ಪಳ ಕೇಳಿದರೂ ಮೈಯೆಲ್ಲ ಬೆವರು, ಎದೆ ಡವಡವ. ಮಗಳನ್ನು ವಿಜಯಪುರಕ್ಕೆ ಕೊಟ್ಟಿದ್ದರು. ಆಕೆಗೆ ಗಂಡುಮಗು ಆಯಿತು. ಇವರು ನೋಡಲು ಹೋಗಲಿಲ್ಲ. ಮಗಳು ಸಿಟ್ಟಾದಳು, ಅಪ್ಪನಿಗೆ ಕುರಿಯೇ ಹೆಚ್ಚಾದವು ಅಂದಳು. ಇವರು ಯಾರಿಗೂ ಕಾರಣ ಹೇಳಲಿಲ್ಲ. ಗಂಡಸು ಜೀಪಿಗೆ ಅಂಜುತ್ತೇನೆ ಅಂತ ಹೇಗೆ ಹೇಳುವುದು?

ಅಕ್ಕ ತಮ್ಮ ಪ್ರಶ್ನೆ ಕೇಳಿದರು. ಗೊಲ್ಲಾಳಪ್ಪನವರು ನೆಲ ನೋಡುತ್ತ ಕೂತರು. ನನ್ನ ಕಾಲಿಗೆ ಅವತ್ತು ಬಹಳ ಪೆಟ್ಟು ಬಿತ್ತು. ಕಡೆಗೆ ಒಂದು ಮಾತು ಬಂತು. "ಮೊಮ್ಮಗನ ಮಾರಿ ನೋಡಬೇಕ್ರಿ."

ನಾನಾಗಿದ್ದರೆ ಭಯ ಅಂದರೇನು, ಅದು ಹೇಗೆ ಬರುತ್ತದೆ ಅಂತ ಪಾಠ ಶುರು ಮಾಡುತ್ತಿದ್ದೆ. ಅಕ್ಕ ಕೇಳಿದ್ದೇ ಬೇರೆ. "ನಿಮ್ಮ ಕುರಿ ಹಳ್ಳಾ ದಾಟಾಕ ಅಂಜಿದ್ರ ಏನ್ ಮಾಡ್ತೀರಿ?"

ತಲೆ ತಗ್ಗಿಸಿದ್ದ ಮನುಷ್ಯ ನೆಟ್ಟಗೆ ಕೂತರು. ಇದು ಅವರ ವಿಷಯ ನೋಡಿ! "ಎಳದ್ರ ಬರೂದಿಲ್ರಿ ಅದು. ಹೊಡದ್ರೂ ಬರೂದಿಲ್ಲ. ಬಾಜೂಕ ನಿಂದರ್ತೀನಿ. ನೀರ ನೋಡ್ಲಿ ಅಂತ ಬಿಡ್ತೀನಿ. ಮೊದಲ ಒಂದ ಕಾಲ ಇಡತೈತಿ. ಆಮ್ಯಾಲ ತಾನ ಹೋಗತೈತಿ."

ಅಕ್ಕ ಮತ್ತೆ ಸುಮ್ಮನಾದರು. ಗೊಲ್ಲಾಳಪ್ಪನವರು ಕಿಟಕಿಯಿಂದ ಹೊರಗೆ ನೋಡಿದರು. ಸ್ಟ್ಯಾಂಡಿನಲ್ಲಿ ಒಂದು ಖಾಲಿ ಜೀಪು ನಿಂತಿತ್ತು. ಅದನ್ನೇ ನೋಡಿದರು, ನೋಡಿದರು... ಆಮೇಲೆ ತಾವಾಗಿಯೇ ಕೇಳಿದರು. "ಬಾಯಾರ, ನಿಂತ ಜೀಪಿನ್ಯಾಗ ಸುಮ್ಮ ಒಂದ ಗಳಿಗಿ ಕುಂತ ಬರ್ಲೇನ್ರಿ?"

ಯಾರು ಹೇಳಿಕೊಟ್ಟರು? ನಾನಲ್ಲ, ಅಕ್ಕನೂ ಅಲ್ಲ. ಅವರ ಕುರಿ ಹೇಳಿಕೊಟ್ಟಿತು ಅನ್ನಿ.

ಅವತ್ತು ಹೋದವರು ಮತ್ತೆ ಬರಲೇ ಇಲ್ಲ. ನಮ್ಮ ಸಂಸ್ಥೆಯ ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ "ಅರ್ಧಕ್ಕೆ ಬಿಟ್ಟವರು" ಅಂತ ಇದೆ, ಇವತ್ತಿಗೂ ಇದೆ. ಮುಂದೆ ಯಾವಾಗಲೋ ನಾನು ದಾನಮ್ಮನ ದರ್ಶನಕ್ಕೆಂದು ಗುಡ್ಡಾಪುರಕ್ಕೆ ಹೋಗಿದ್ದೆ. ಜೀಪೊಂದು ಧೂಳೆಬ್ಬಿಸುತ್ತ ಬಂದು ನಿಂತಿತು. ಡ್ರೈವರನ ಪಕ್ಕದಲ್ಲಿ ಯಾರು? ಗೊಲ್ಲಾಳಪ್ಪನವರು! ತೊಡೆಯ ಮೇಲೆ ಮೊಮ್ಮಗ. ಅವನೋ ಅಜ್ಜನ ರುಮಾಲು ಜಗ್ಗುತ್ತಿದ್ದಾನೆ. ನಾನು ಓಡಿಹೋಗಿ, "ಯಾಕ್ರೀ, ಮತ್ತ ಬರಲೇ ಇಲ್ಲಲ್ಲ?" ಅಂತ ಕೇಳಿದೆ. ಅವರು ನನ್ನನ್ನು ನೋಡಿದ ನೋಟ ಇದೆಯಲ್ಲ, ಹುಚ್ಚಿಯನ್ನು ನೋಡಿದ ಹಾಗೆ. "ಯಾಕ ಬರ್ಲಿ ಬಾಯಾರ? ಕೆಲಸ ಆಗೇತಲ್ಲ!"

ಸಾಹೇಬರೆ, ಬರೆದುಕೊಳ್ಳಿ. ಕೆಲಸ ಆಗಿದೆ, ಅದಕ್ಕೆ ಬರಲಿಲ್ಲ.

ಇನ್ನು ಎರಡನೆಯವರು. ತಿಕೋಂಡಿಯ ಗೌರವ್ವ. ಮುಖ ಮುಚ್ಚಿಕೊಳ್ಳಬೇಡಿ ಗೌರವ್ವ, ಹೇಳು ಅಂದವರು ನೀವೇ.

ಇವರ ಕಥೆಗೆ ಮೊದಲು ಗಂಟಿನ ವಿಷಯ ಹೇಳಬೇಕು. ಸಂತೆಗೆ ಹೊರಟಾಗ ಬೆಲ್ಲ ತರುವುದು ಮರೆಯಬಾರದು ಅಂದರೆ ನಾವು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತೇವೆ. ಗಂಡಸರು ಟವೆಲ್ಲಿಗೆ ಹಾಕಿಕೊಳ್ಳುತ್ತಾರೆ. ಕೆಲಸ ಆದ ಮೇಲೆ ಬಿಚ್ಚುತ್ತೇವೆ. ಅಕ್ಕ ಅದನ್ನೇ ಹಿಡಿದರು. ಮಾತು ಮುಗಿಯುತ್ತ ಬಂದಾಗ, "ಮನಿಗಿ ಹೋಗಿ ಮೊದಲ ಏನ್ ಮಾಡ್ತೀರಿ?" ಅಂತ ಕೇಳುವುದು. ಒಂದೇ ಕೆಲಸ, ಅದೂ ಬಂದವರ ಬಾಯಿಂದಲೇ ಬರಬೇಕು. ಬಂದ ಮೇಲೆ, "ಹಂಗಾದ್ರ ಗಂಟ ಹಾಕೋರಿ." ಅವರ ಸೆರಗು, ಅವರ ಕೈ, ಅವರ ಗಂಟು.

ಗೌರವ್ವನಿಗೆ ತಂಗಿಯ ಜೊತೆ ಮಾತು ಬಿಟ್ಟುಹೋಗಿತ್ತು. ತಾಯಿ ತೀರಿಕೊಂಡ ದಿನ ಏನೋ ಒಂದು ಮಾತು ಬಂದು ಹೋಗಿತ್ತು. ಅಲ್ಲಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ತಂಗಿಯ ಮನೆ ಇದೇ ಉಟಗಿಯಲ್ಲಿ. ಮಾತೆಲ್ಲ ಆದ ಮೇಲೆ ಗೌರವ್ವ, ತಂಗಿ ಮನಿಗಿ ಹೋಗಿ ಚಹಾ ಕೇಳ್ತೀನಿ ಅಂದರು. ಗಂಟು ಹಾಕಿಕೊಂಡರು, ಹೋದರು.

ಮುಂದೆ ಒಂದು ಸಂತೆಯ ದಿನ ಮತ್ತೆ ಬಂದರು. ಸೆರಗಿನಲ್ಲಿ ಗಂಟು ಹಾಗೇ ಇದೆ. ಒಗೆದು ಒಗೆದು ಕಲ್ಲಾಗಿದೆ. ಗೌರವ್ವ ಅದನ್ನು ಹೀಗೆ ಹಿಡಿದು ತೋರಿಸಿ ತಕರಾರು ತೆಗೆದರು. "ಬಾಯಾರ, ನಿಮ್ಮ ಗಂಟ ಗಟ್ಟಿ ಐತ್ರಿ, ಇಲ್ಲ ಅನ್ನೂದಿಲ್ಲ. ಆದ್ರ ಗುಣಾ ಬರವಲ್ದು. ಓದಿ ಊದಿ ಕೊಡ್ರೆಲಾ ಒಮ್ಮಿ!"

ದರ್ಗಾದ ತಾಯಿತ ಅಂದುಕೊಂಡಿದ್ದಾರೆ ಇವರು! ಅಕ್ಕನ ಹೆಸರು ಮಲೀಕಾ ನೋಡಿ, ಮಂತ್ರಿಸಿ ಕೊಡುತ್ತಾರೆ ಅಂತ ಲೆಕ್ಕ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಗೌರವ್ವನೂ ನಕ್ಕರು. ನಕ್ಕು ಮುಗಿದ ಮೇಲೆ ಅಕ್ಕ ಹೇಳಿದರು. "ಗೌರವ್ವಾ, ಗಂಟ ತಾನ ನಡಕೋತ ನಿನ್ನ ತಂಗಿ ಮನಿಗಿ ಹೋಗೂದಿಲ್ಲ. ನೀ ಹೋಗಬೇಕವಾ." ಆಮೇಲೆ ಕೇಳಿದರು, "ಹೋಗಾಕ ಏನ್ ಅಡ್ಡ ಬಂತು?" ಅವತ್ತು ಆ ಅಡ್ಡ ಬಂದದ್ದರ ಬಗ್ಗೆ ಮಾತಾಯಿತು. ಎರಡನೆಯ ಸಲ ಬಂದರೂ ಅಕ್ಕ ಮೊದಲನೆಯ ಸಲದ ಹಾಗೇ ಕೂತರು, ಅವತ್ತಿನ ಕೆಲಸ ಅವತ್ತೇ. ಗೌರವ್ವ ಅಲ್ಲಿಂದ ಎದ್ದವರು ನೆಟ್ಟಗೆ ತಂಗಿಯ ಮನೆಗೆ ಹೋದರು. ಆ ತಂಗಿ ಸಾವಿತ್ರವ್ವ ಇವತ್ತು ಅವರ ಪಕ್ಕದಲ್ಲೇ ಕೂತಿದ್ದಾರೆ. ಗಂಟು ಬಿಚ್ಚಲು ಬಾರದೆ ಕತ್ತರಿಯಿಂದ ಕತ್ತರಿಸಿದರಂತೆ, ಸೆರಗು ಹಾಳಾಯಿತು ಅಂತ ಇಬ್ಬರೂ ಸೇರಿ ಅಕ್ಕನನ್ನೇ ಬೈದರು.

ಈಗ ನಮ್ಮ ಸಂಸ್ಥೆಯ ಕಂಪ್ಯೂಟರು ಏನು ಹೇಳುತ್ತದೆ ಕೇಳಿ. ಕೆಲಸ ಆಗಲಿಲ್ಲವೆಂದು ತಿರುಗಿ ಬಂದ ಗೌರವ್ವ — "ಉತ್ತಮ ಪ್ರಗತಿ." ಕೆಲಸ ಆಯಿತೆಂದು ಮನೆಯಲ್ಲೇ ಉಳಿದ ಗೊಲ್ಲಾಳಪ್ಪ — "ಅರ್ಧಕ್ಕೆ ಬಿಟ್ಟವರು."

ನಗಬೇಡ್ರಿ. ಇದೇ ಲೆಕ್ಕದ ಮೇಲೆ ನಿಮ್ಮ ಕೋಣೆ ಮುಚ್ಚುತ್ತಿದ್ದಾರೆ!

ಗಂಟಿನ ಸುದ್ದಿ ಪೇಟೆಯವರೆಗೂ ಹೋಯಿತು. ಮಲೀಕಾಬಾಯಿ ಮಾಟ ಮಂತ್ರ ಮಾಡುತ್ತಾರೆ ಅಂತ ಯಾರೋ ಹಚ್ಚಿಕೊಟ್ಟರು. ಅಲ್ಲಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಗಂಟಿನಲ್ಲಿ ಏನಿಟ್ಟು ಕಟ್ಟುತ್ತೀರಿ ಅಂತ ಕೇಳಿದರು. ಓದಿದ ಹೆಣ್ಣುಮಗಳಿಗೆ, ಅದೂ ಬಂದವರೆಲ್ಲರ ಎದುರಿಗೆ. ನನ್ನ ಮೈ ಉರಿಯಿತು. ಅಕ್ಕ ಎದ್ದು ನಿಂತರು, ಎರಡೂ ಕೈ ಬಿಚ್ಚಿ ತೋರಿಸಿದರು. "ನಾ ಇವತ್ತಿನ ತನಕ ಒಂದ ಗಂಟೂ ಕಟ್ಟಿಲ್ರಿ. ಕಟ್ಟವ್ರು ಅವ್ರು, ಬಿಚ್ಚವ್ರೂ ಅವ್ರು." ಅಷ್ಟು ಹೇಳಿ, ಹೊರಗೆ ಜನ ಕಾಯ್ತಾರ ಅಂತ ಆ ಸಾಹೇಬರನ್ನೇ ಎಬ್ಬಿಸಿ ಕಳಿಸಿದರು.

ಒಂದು ಮಾತು ನಾನು ಪ್ರಾಮಾಣಿಕವಾಗಿ ಹೇಳಬೇಕು, ಇಲ್ಲದಿದ್ದರೆ ಅಕ್ಕ ಸುಮ್ಮನಿರುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಆಗುತ್ತದೆ ಅಂತ ಅವರು ಎಂದೂ ಹೇಳಲಿಲ್ಲ. ಬಂದು ಹೋದವರಲ್ಲಿ ಕೆಲವರಿಗೆ ನಮ್ಮಿಂದ ಏನೂ ಆಗದೆ, ಬೇಸರ ಬಂದು ಬಿಟ್ಟಿರಬಹುದು. ಅದಕ್ಕೇ ಅಕ್ಕ ಆಮೇಲೆ ಫೋನು ಮಾಡಿ ಹ್ಯಾಂಗದೀರಿ ಅಂತ ಕೇಳುತ್ತಿದ್ದರು. ಬೈಸಿಕೊಂಡದ್ದೂ ಉಂಟು. ಒಮ್ಮೆ ಒಬ್ಬ ಬಾಣಂತಿ ಬಂದಳು, ಹೆಸರು ಊರು ಹೇಳುವುದಿಲ್ಲ. ಬದುಕುವ ಆಸೆಯೇ ಹೋಗಿತ್ತು. ಅಕ್ಕ ಅವಳಿಗೆ ಗಂಟು ಹಾಕಿಕೋ ಅನ್ನಲಿಲ್ಲ. ಇದು ಈ ಕೋಣೆಯಲ್ಲಿ ಮುಗಿಯುವ ಕೆಲಸವಲ್ಲ ಅಂದರು. ಅವಳ ಗಂಡನನ್ನು ಕರೆಸಿ, ಕೂಸನ್ನು ತಾವೇ ಎತ್ತಿಕೊಂಡು, ಅವತ್ತೇ ಬಸ್ಸು ಹತ್ತಿ ಸಾಂಗ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳು ಬಹಳ ದಿನ ಔಷಧ ತೆಗೆದುಕೊಂಡಳು, ಬಹಳ ಸಲ ಡಾಕ್ಟರರ ಹತ್ತಿರ ಹೋದಳು. ಬೇಕಾದವರಿಗೆ ಅದು ಬೇಕೇ ಬೇಕು. ನಾವು ಹನ್ನೆರಡು ಸಲಕ್ಕೆ ವೈರಿಗಳಲ್ಲ. ಆದರೆ ಆ ಬಾಣಂತಿಯನ್ನು ಗುರುತಿಸಿದ್ದು ಯಾವ ಕೋಣೆ? ಬಸ್ ಸ್ಟ್ಯಾಂಡಿನ ಎದುರಿನ ಈ ಕೋಣೆ. ಇದು ಇಲ್ಲದಿದ್ದರೆ ಅವಳು ಜತ್ತದವರೆಗೆ ಹೋಗುತ್ತಿದ್ದಳೆ? ಸಂತೆಗೆ ಹೋಗುತ್ತೇನೆ ಅಂತ ಅತ್ತೆಗೆ ಹೇಳಿ ಬಂದಿದ್ದಳು ಅವಳು!

ಅದಕ್ಕೇ ಹೇಳುತ್ತೇನೆ — ಉಟಗಿಯ ಬಾಗಿಲು ಮುಚ್ಚುವುದಿಲ್ಲ.

ಅನಿಲ ಸಾಹೇಬರೆ, ಬಾಡಿಗೆ ನಿಮ್ಮದು, ಬೀಗ ನಿಮ್ಮದು, ಬೋರ್ಡೂ ನಿಮ್ಮದು. ತೆಗೆದುಕೊಂಡು ಹೋಗಿ. ನನ್ನ ನೌಕರಿಯೂ ನಿಮ್ಮ ಕೈಯಲ್ಲಿದೆ. ಮನೆಯಲ್ಲಿ ನನ್ನ ಪಗಾರವನ್ನೇ ನೆಚ್ಚಿಕೊಂಡವರಿದ್ದಾರೆ, ಭಯ ಇಲ್ಲ ಅಂದರೆ ಸುಳ್ಳಾಗುತ್ತದೆ. ಭಯ ಇದೆ. ಇಟ್ಟುಕೊಂಡೇ ಮಾತಾಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಾನು ರಮಜಾನ ಭಾವನವರ ಮನೆಗೆ ಹೋಗಿದ್ದೆ. ಕೋಣೆ ಮುಚ್ಚುತ್ತಾರಂತೆ ಅನ್ನುವ ಸುದ್ದಿ ನನ್ನ ಹಾಗೆ ಅವರಿಗೂ ಆಗಲೇ ಮುಟ್ಟಿತ್ತು, ಅರ್ಧ ಅನ್ನುವ ಮಾತನ್ನು ಮಾತ್ರ ನಾನು ಈ ಸಭೆಯಲ್ಲೇ ಕೇಳಿದ್ದು. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ, ಕಾಲು ತುಳಿಯುವವರು ಇಲ್ಲದಿದ್ದರೂ. ಆಮೇಲೆ ಭಾವನವರು ಎದ್ದು ಬಳೆ ಅಂಗಡಿಯ ಹಿಂದಿನ ಬಾಗಿಲು ತೆಗೆದರು. "ದಾಕ್ಷಾಯಣಿ, ಈ ಖೋಲಿ ಖಾಲಿ ಐತಿ ನೋಡವಾ. ಬಳಿ ಪೆಟಗಿ ಈಕಡಿ ಸರಸ್ತೀನಿ. ಕಿಟಕಿಯಾಗಿಂದ ಬಸ್ಸೂ ಕಾಣತೈತಿ. ಕುಂದ್ರ ಬಾ."

ಕಿಟಕಿಯ ವಿಷಯ ಅಕ್ಕ ಮನೆಯಲ್ಲೂ ಹೇಳಿದ್ದರು ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿ ನೋಡಿ. ಹಿಂದೆ ಕೂತವರಿಗೂ ಕಾಣಲಿ. ನನ್ನ ಸೆರಗು. ಆ ಖೋಲಿಯ ಹೊಸ್ತಿಲಲ್ಲಿ ನಿಂತು ನಾನೇ ಹಾಕಿಕೊಂಡ ಗಂಟು ಇದು. ಮುಂದಿನ ಸಂತೆಯ ದಿನ ಆ ಕುರ್ಚಿಯ ಮೇಲೆ ಮೊದಲನೆಯವರು ಬಂದು ಕೂತ ಮೇಲೆ ಬಿಚ್ಚುತ್ತೇನೆ. ಅಲ್ಲಿಯವರೆಗೆ ಯಾರೂ ಇದನ್ನು ಬಿಚ್ಚಲು ಬರಬೇಡಿ, ಸಾಹೇಬರೂ ಸೇರಿ.

ಇನ್ನು ನನ್ನ ಮಾತು ಸಾಕು. ಎಲ್ಲರೂ ಎದ್ದು ನಿಲ್ಲಿ. ವಯಸ್ಸಾದವರು ಕೂತೇ ಇರಿ, ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾಸ್ಮಿನ, ನೀನು ಇಲ್ಲಿ ಬಾ, ನನ್ನ ಪಕ್ಕದಲ್ಲಿ ನಿಲ್ಲು.

ಮೌನಾಚರಣೆ ಅಂತ ಬರೀ ಸುಮ್ಮನಿರುವುದು ಬೇಡ. ಅಕ್ಕ ಸುಮ್ಮನಿರುತ್ತಿದ್ದದ್ದು ಪ್ರಶ್ನೆ ಕೇಳಿದ ಮೇಲೆ. ಹಾಗಾಗಿ ಅವರ ಪ್ರಶ್ನೆಯನ್ನು ಅವರ ಪರವಾಗಿ ನಾನು ಕೇಳುತ್ತೇನೆ. ಉತ್ತರ ನಿಮ್ಮೊಳಗೇ ಹುಡುಕಿಕೊಳ್ಳಿ. ಸಿಕ್ಕವರು ಸೆರಗಿಗೋ ಟವೆಲ್ಲಿಗೋ ಒಂದು ಗಂಟು ಹಾಕಿಕೊಂಡು ಮನೆಗೆ ಹೋಗಿ. ಸಿಗದವರಿಗೆ ಸಂತೆಯ ದಿನ ಬಳೆ ಅಂಗಡಿಯ ಹಿಂದೆ ಬಾಗಿಲು ತೆಗೆದಿರುತ್ತದೆ.

ನಡುವೆ ನಾನು ಬಾಯಿ ತೆರೆದರೆ... ಯಾಸ್ಮಿನ, ನನ್ನ ಕಾಲು ತುಳಿಯವಾ. ಜೋರಾಗೇ ತುಳಿ, ನಿಮ್ಮವ್ವ ತುಳಿದ ಹಾಗೆ.

"ಇವತ್ತ ಇಲ್ಲಿಂದ ಏಳೂ ಹೊತ್ತಿಗಿ ಏನಾದ್ರ, ಬಂದದ್ದು ಚಲೋ ಆತು ಅನಸ್ತೈತಿ ನಿಮಗ?"

ಮೌನ.